ಹಳದಿ ಬೆಲ್ಲದ ಗಂಧಕ

ಮಂಡ್ಯ ಕಡೆಯ ಎಷ್ಟೋ ಆಲೆಮನೆಗಳಲ್ಲಿ ಕೊಪ್ಪರಿಗೆ ಪಕ್ಕ ಒಂದು ಬಿಳಿ ಪುಡಿಯ ಡಬ್ಬ ಇರುತ್ತದೆ. ಅಲ್ಲಿ ಅದರ ಹೆಸರು ಹೈಡ್ರೋಸ್. ನಮ್ಮ ಲ್ಯಾಬಿನ ಬಾಟಲಿ ಮೇಲೆ ಸೋಡಿಯಂ ಡೈಥಯೊನೈಟ್ ಅಂತ ಬರೆದಿರುವುದೂ ಅದೇ.

ಕೆಮಿಸ್ಟ್ರಿ ಪಾಠ ಮಾಡುವವಳಿಗೆ ಇದು ಬಲು ಚಂದದ ವಸ್ತು. ಇದರಲ್ಲಿ ಎರಡು ಗಂಧಕದ ಪರಮಾಣುಗಳು ಜೋಡಿಯಾಗಿವೆ, ಆದರೆ ಹಿಡಿತ ಸಡಿಲ. ಮಾಮೂಲಿ ಗಂಧಕದಲ್ಲಿ ಈ ಬಂಧದ ಉದ್ದ ಸುಮಾರು 2.05 ಆಂಗ್‌ಸ್ಟ್ರಾಮ್ (ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್). ಇಲ್ಲಿ 2.39. ಹಾಗಾಗಿ ನೀರಿನಲ್ಲಿ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಬಿಡಿಯಾದ ತುಂಡುಗಳು ಸಿಕ್ಕವರಿಗೆಲ್ಲ ಎಲೆಕ್ಟ್ರಾನ್ ಹಂಚುತ್ತವೆ. ಕಬ್ಬಿನ ಹಾಲಿನಲ್ಲಿರುವ ಬಣ್ಣದ ಅಣುಗಳು ಅದನ್ನು ತಗೊಂಡು ಬಣ್ಣ ಕಳೆದುಕೊಳ್ಳುತ್ತವೆ. ಕಂದು ಪಾಕ ಹೊಂಬಣ್ಣಕ್ಕೆ ತಿರುಗುತ್ತದೆ.

ಕೊಳೆ ಹೋಯಿತು ಅಂತಲ್ಲ. ಕೊಳೆ ತೆಗೆಯುವುದು ಸುಣ್ಣ ಮತ್ತು ಬೆಂಡೆ ಗಿಡದ ಲೋಳೆ, ಮಡ್ಡಿ ಮೇಲೆ ಬಂದಾಗ ಎತ್ತಿ ಹಾಕುತ್ತಾರೆ. ಹೈಡ್ರೋಸ್ ಮಾಡುವುದು ಬರೀ ಬಣ್ಣದ ಕೆಲಸ.

ಅದೂ ಶಾಶ್ವತ ಅಲ್ಲ. ಜೀನ್ಸ್ ಬಟ್ಟೆಗೆ ನೀಲಿ ಹಾಕುವವರೂ ಇದನ್ನೇ ಬಳಸುತ್ತಾರೆ. ತೊಟ್ಟಿಯೊಳಗೆ ನೀಲಿ ಹೋಗಿ ಹಸಿರು ಮಿಶ್ರಿತ ಹಳದಿಯಾಗುತ್ತದೆ. ನೂಲನ್ನು ಗಾಳಿಗೆ ಎತ್ತಿದರೆ ಆಮ್ಲಜನಕ ಎಲೆಕ್ಟ್ರಾನ್ ವಾಪಸ್ ಕಿತ್ತುಕೊಂಡು ನೀಲಿ ತರುತ್ತದೆ. ಬೆಲ್ಲದಲ್ಲೂ ಹೆಚ್ಚುಕಡಿಮೆ ಹೀಗೇ. ಹೊಳೆಯುವ ಅಚ್ಚು ಕೆಲವು ತಿಂಗಳು ಇಟ್ಟರೆ ಮತ್ತೆ ಕಂದಾಗುತ್ತದೆ. ಆ ಹೊತ್ತಿಗೆ ಅದು ಗಿರಾಕಿಯ ಮನೆ ಸೇರಿರುತ್ತದೆ ಅನ್ನಿ!

ಆಲೆಮನೆ ನಡೆಸುವ ನಮ್ಮ ಸೋದರಮಾವನನ್ನು ಕೇಳಿದೆ, ‘ಮಾವ, ಹಾಕದಿದ್ದರೆ ಏನಾಗುತ್ತೆ?’
‘ಕಪ್ಪು ಬೆಲ್ಲಕ್ಕೆ ರೇಟ್ ಎಲ್ಲೈತೆ ಕಣವ್ವ?’ ಅಂದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಹಳದಿ ಬೇಕು ಅಂದವರು ಪೇಟೆಯ ನಾವು ತಾನೇ?

ಪುಡಿ ಜಾಸ್ತಿಯಾದರೆ ಬೆಲ್ಲದಲ್ಲಿ ಸಲ್ಫೈಟ್ ಅನ್ನುವ ಗಂಧಕದ ಲವಣ ಉಳಿಯುತ್ತದೆ. ಆಸ್ತಮಾ ಇರುವ ಕೆಲವರಿಗೆ ಅದು ಉಸಿರು ಕಟ್ಟಿಸುತ್ತದೆ. ಲ್ಯಾಬಿನಲ್ಲಿ ಸಲ್ಫೈಟಿಗೆ ಆಮ್ಲ ಹಾಕಿ ಬಿಸಿ ಮಾಡಿ, ಬರುವ ಗಾಳಿಗೆ ಡೈಕ್ರೋಮೇಟ್ ಕಾಗದ ಹಿಡಿಯುತ್ತೇವೆ. ಕಿತ್ತಳೆ ಬಣ್ಣ ಹಸಿರಾದರೆ ಸಲ್ಫರ್ ಡೈಆಕ್ಸೈಡ್ ಇದೆ ಅಂತ. ಆದರೆ ಬೆಲ್ಲದಲ್ಲಿರುವಷ್ಟು ಕಡಿಮೆ ಪ್ರಮಾಣಕ್ಕೆ ಈ ಕಾಗದ ನಂಬಬೇಡಿ. ಸರಿಯಾಗಿ ಅಳೆಯಲು ಆ ಗಾಳಿಯನ್ನು ಹೈಡ್ರೋಜನ್ ಪೆರಾಕ್ಸೈಡಿಗೆ ಹಾಯಿಸಿ, ಆಗುವ ಸಲ್ಫ್ಯೂರಿಕ್ ಆಮ್ಲವನ್ನು ಟೈಟ್ರೇಟ್ ಮಾಡಬೇಕು, ಅಂದರೆ ಕ್ಷಾರವನ್ನು ಹನಿಹನಿಯಾಗಿ ಹಾಕಿ ಆಮ್ಲ ಎಷ್ಟಿದೆ ಅಂತ ಅಳೆಯಬೇಕು. ಮನೆಯಲ್ಲಿ ಆಗುವ ಕೆಲಸ ಅಲ್ಲ. ನಾನಂತೂ ಮಾವನ ಹತ್ತಿರ ಪುಡಿ ಹಾಕುವ ಮುಂಚೆಯೇ ಒಂದು ಪಾಲು ತೆಗೆಸಿಕೊಳ್ಳುತ್ತೇನೆ.