ನಾಳೆಯ ಪೆಟ್ಟಿಗೆಗೆ ಯಾವ ರೆಕಾರ್ಡು?

ಹುಬ್ಬಳ್ಳಿ
14 ಜೂನ್ 2025, ಶನಿವಾರ

ಹುಬ್ಬಳ್ಳಿಯಲ್ಲಿ ನಾನು ಡಿಜೆ ಅಂದ ತಕ್ಷಣ ಜನರ ಕಣ್ಣ ಮುಂದೆ ಬರುವುದು ಗಣಪತಿ ಮೆರವಣಿಗೆ. ಗಾಡಿ ಮೇಲೆ ಪೇರಿಸಿದ ಸ್ಪೀಕರ್, ಎದೆಗೆ ಗುದ್ದುವ ಬೇಸ್. ನನಗೂ ಅದು ತುಂಬಾ ಇಷ್ಟ. ನಾನು ಬಂದದ್ದೇ ಅಲ್ಲಿಂದ. ಆದರೆ ನಾಳೆ ಸಂಜೆ ರೆಕಾರ್ಡ್ ಹಾಕಬೇಕಾಗಿರುವುದು ಧಾರವಾಡದ ಮಾಳಮಡ್ಡಿಯಲ್ಲಿ, ಗೆಳೆಯನ ಮನೆಯ ಮಹಡಿ ಮೇಲೆ. ಕುಣಿಯುವವರು ಕುಣಿಯುತ್ತಾರೆ, ಚಾಪೆ ಮೇಲೆ ಕೂತು ಕೇಳುವವರು ಕೇಳುತ್ತಾರೆ. ಅಂಥ ಕೋಣೆಗೆ ಬೇಕಾದ ರೆಕಾರ್ಡೇ ಬೇರೆ.

ಪೆಟ್ಟಿಗೆ ತುಂಬುವಾಗ ನಾನು ಹುಡುಕುವುದು ಒಂದನ್ನೇ. ಹಾಡಿನ ತಾಳದಲ್ಲಿ ಒಂದು ಗುದ್ದಿಗೂ ಇನ್ನೊಂದು ಗುದ್ದಿಗೂ ನಡುವೆ ಜಾಗ ಬಿಟ್ಟಿದ್ದಾರಾ? ಕಾಲು ತಾನಾಗಿ ಆಡುವುದು ಆ ಜಾಗದಲ್ಲೇ. ಕಿವಿ ತುಂಬಾ ವಾದ್ಯ ಸುರಿದ ಹಾಡಿಗೆ ಕೈ ಎತ್ತಿ ಕೂಗಬಹುದು, ಆದರೆ ಸೊಂಟ ಅಲುಗೋದಿಲ್ಲ. ಕೋಣೆಗೆ ಒಂದು ಹದ ಬರುವುದೂ ಆ ಖಾಲಿ ಜಾಗದಿಂದಲೇ. ಒಂದು ಎಲ್‌ಪಿ, ಅಂದರೆ ಹಲವು ಹಾಡು ಹಿಡಿಸುವ ದೊಡ್ಡ ರೆಕಾರ್ಡ್, ಕವರ್ ಸೇರಿ ಕಾಲು ಕಿಲೋ ಹತ್ತಿರ ತೂಗುತ್ತದೆ. ಚಿಗರಿ ಬಸ್ಸಿನಲ್ಲಿ ಹೊತ್ತು ಹೋಗಬೇಕು. ಹಾಗಾಗಿ ಸುಮ್ನೆ ಇರಲಿ ಅಂತ ಒಂದೂ ಹಾಕಿಕೊಳ್ಳುವ ಹಾಗಿಲ್ಲ.

ಮೊದಲು ಕೈ ಹೋಗುವುದು ಅಗಸ್ಟಸ್ ಪಾಬ್ಲೋ ಅವರ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಕಡೆಗೆ. 1976ರ ಜಮೈಕಾದ ಡಬ್, ಅಂದರೆ ಸಿದ್ಧ ಹಾಡನ್ನು ಬಿಚ್ಚಿ ಮತ್ತೆ ಮಿಕ್ಸ್ ಮಾಡಿದ ಸಂಗೀತ. ಪಾಬ್ಲೋ ಮೆಲೋಡಿಕಾ (ಊದಿ ನುಡಿಸುವ ಪುಟ್ಟ ಕೀಬೋರ್ಡ್) ಊದುತ್ತಾರೆ, ಮಿಕ್ಸ್ ಮಾಡಿದವರು ಕಿಂಗ್ ಟಬ್ಬಿ. ಟಬ್ಬಿ ಮೂಲತಃ ಆಂಪ್ಲಿಫೈಯರ್ ಕಟ್ಟುವ, ರಿಪೇರಿ ಮಾಡುವ ಮನುಷ್ಯ. ಕಿಂಗ್‌ಸ್ಟನ್ ಬೀದಿಗಳಲ್ಲೂ ಸ್ಪೀಕರ್ ಪೇರಿಸಿ ರಾತ್ರಿಯಿಡೀ ಕುಣಿಯುವ ಪದ್ಧತಿ ಇತ್ತು. ಟಬ್ಬಿಯದೇ ಒಂದು ಸೌಂಡ್ ಸಿಸ್ಟಮ್ ಕೂಡ ಇತ್ತು. ನಮ್ಮಲ್ಲಿ ಮೆರವಣಿಗೆಗೆ ಬೇಸ್ ಬಾಕ್ಸ್ ಕಟ್ಟುವ ಹುಡುಗರಿಗೆ ಈ ರೆಕಾರ್ಡ್ ಕೇಳಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಟಬ್ಬಿ ಮಾಡಿದ್ದು ಇಷ್ಟೇ: ಸಿದ್ಧವಾಗಿದ್ದ ಹಾಡಿನಿಂದ ಒಂದೊಂದೇ ವಾದ್ಯವನ್ನು ಕಿತ್ತು ತೆಗೆದರು. ಮಾತು ಅರ್ಧಕ್ಕೆ ನಿಲ್ಲುತ್ತದೆ, ಅದರ ಪ್ರತಿಧ್ವನಿ ಮಾತ್ರ ದೂರ ಹೋಗುತ್ತದೆ. ಗಿಟಾರ್ ಒಮ್ಮೆ ಚಟ್ ಅಂದು ಮಾಯ. ಉಳಿಯುವುದು ಬೇಸ್ ಮತ್ತು ಡ್ರಮ್. ಸಂಜೆ ಶುರುವಿಗೆ, ಜನ ಇನ್ನೂ ಚಹಾ ಕುಡಿಯುತ್ತಾ ಮಾತಾಡುತ್ತಿರುವಾಗ, ಇದಕ್ಕಿಂತ ಒಳ್ಳೆಯ ರೆಕಾರ್ಡ್ ನಾನು ಕಂಡಿಲ್ಲ. ಯಾರ ಮಾತಿಗೂ ಅಡ್ಡ ಬರೋದಿಲ್ಲ, ಆದರೂ ಹತ್ತು ನಿಮಿಷದಲ್ಲಿ ಎಲ್ಲರ ತಲೆ ತೂಗುತ್ತಿರುತ್ತದೆ.

ಆಮೇಲೆ ಚರಣ್‌ಜಿತ್ ಸಿಂಗ್. ಇವರ ಬಗ್ಗೆ ಬರೆಯುತ್ತಾ ಹೋದರೆ ಈ ದಿನಚರಿ ಮುಗಿಯೋದೇ ಇಲ್ಲ. ಮುಂಬೈ ಸಿನಿಮಾ ಸಂಗೀತದಲ್ಲಿ ಗಿಟಾರ್, ಸಿಂಥ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್) ನುಡಿಸುತ್ತಿದ್ದ ಕಲಾವಿದರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡರು. ಸಿಂಥ್‌ಗೆ ಜುಪಿಟರ್-8, ಬೇಸ್‌ಗೆ ಟಿಬಿ-303, ತಾಳಕ್ಕೆ ಟಿಆರ್-808. ಹತ್ತು ರಾಗಗಳನ್ನು ಡಿಸ್ಕೋ ಬಡಿತಕ್ಕೆ ಕೂರಿಸಿದರು. ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಅಂತ ಎಚ್‌ಎಂವಿ ಅದನ್ನು ಹೊರತಂದಿತು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. 1987ರಲ್ಲಿ ಶಿಕಾಗೋದ ಫ್ಯೂಚರ್ ತಂಡ ಅದೇ 303 ಯಂತ್ರದ ಗುಬುಟುಗಳನ್ನು ತಿರುಗಿಸಿ ‘ಆ್ಯಸಿಡ್ ಟ್ರ್ಯಾಕ್ಸ್’ ತಂದಾಗ ಲೋಕ ಅದನ್ನು ಹೊಸ ಸಂಗೀತ ಅಂತ ಕೊಂಡಾಡಿತು. ಮುಂಬೈಯಲ್ಲಿ ಅದರ ದನಿ ಐದು ವರ್ಷ ಮೊದಲೇ ಮೂಡಿತ್ತು. 2010ರಲ್ಲಿ ಬಾಂಬೆ ಕನೆಕ್ಷನ್ ಅನ್ನುವ ಲೇಬಲ್ ಮತ್ತೆ ಒತ್ತಿದ ಮೇಲೆ ದೇಶ ವಿದೇಶದ ಡಿಜೆಗಳ ಪೆಟ್ಟಿಗೆ ಸೇರಿತು. ಸಿಂಗ್ 2015ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಈ ಮೆಚ್ಚುಗೆ ಅವರ ಕಣ್ಣಿಗೆ ಬಿತ್ತಲ್ಲ ಅನ್ನುವುದು ನನಗೆ ದೊಡ್ಡ ಸಮಾಧಾನ.

303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ. ರಾಗಕ್ಕೆ ಮೀಂಡ್, ಅಂದರೆ ಅಂಥದೇ ಜಾರು, ಬೇಕೇ ಬೇಕು. ಆ ಯಂತ್ರ ಮಾಡಿದವರ ಮನಸ್ಸಿನಲ್ಲಿ ನಮ್ಮ ರಾಗ ಇರಲಿಲ್ಲ, ಆದರೂ ಎರಡೂ ಎಷ್ಟು ಚೆನ್ನಾಗಿ ಕೂಡಿಕೊಂಡಿವೆ ನೋಡಿ. ಹಿಂದಿನ ಸಲ ಇದೇ ಮಹಡಿಯಲ್ಲಿ ಅದರ ಮಾಲಕಂಸ ಹಾಕಿದ್ದೆ. ರಾತ್ರಿಯಿಡೀ ಬೈಠಕ್ ಕೇಳಿ ಬೆಳೆದ ಒಬ್ಬ ಹಿರಿಯರು ಮೂಲೆಯಲ್ಲಿ ಕೂತಿದ್ದರು. ತೊಡೆ ತಟ್ಟಿ ತಾಳ ಎಣಿಸುತ್ತಿದ್ದವರು ಎದ್ದು ಬಂದರು.

“ಏ ತಮ್ಮಾ, ಇದು ಮಾಲಕಂಸ ಅಲ್ಲೇನು?”

“ಹೌದ್ರಿ ಕಾಕಾ.”

“ರಾಗ ಖರೇನ ಅದ. ಆದರ ಎಲ್ಲಾ ಮಾತ್ರಾನೂ ಸಮ್ಮೇ ಆಗ್ಯಾವಲ್ಲೋ!”

ಎಷ್ಟು ಸರಿಯಾಗಿ ಹಿಡಿದರು ಅಂದರೆ! ಡಿಸ್ಕೋ ಬಡಿತ ಅಂದರೆ ಅದೇ. ನಾಲ್ಕರಲ್ಲಿ ಒಂದೊಂದು ಮಾತ್ರೆಗೂ ಡ್ರಮ್ಮಿನ ಅದೇ ಗುದ್ದು. ದೂರದಲ್ಲಿರುವ ಸಮ್‌ಗಾಗಿ, ಅಂದರೆ ತಾಳದ ಸುತ್ತು ಶುರುವಾಗುವ ಮೊದಲ ಮಾತ್ರೆಗಾಗಿ, ಕಾಯುವ ಸುಖ ಅಲ್ಲಿಲ್ಲ. ಆ ಕೊರತೆ ತುಂಬುವುದು ಎರಡು ಗುದ್ದಿನ ನಡುವೆ ‘ತ್ಸ್’ ಅನ್ನುವ ಹೈ-ಹ್ಯಾಟ್, ಡ್ರಮ್ ಸೆಟ್ಟಿನ ಜೋಡಿ ತಟ್ಟೆ. ತಾಳದ ಖಾಲಿ, ಅಂದರೆ ಗುದ್ದಿಲ್ಲದ ಮಾತ್ರೆ, ಅಲ್ಲಿ ಅಡಗಿದೆ ಅಂತ ಕಾಕಾಗೆ ತೋರಿಸಿದೆ. ಅದನ್ನೇ ಹಿಡಿದು ಹಾಡು ಮುಗಿಯುವವರೆಗೂ ಬೆರಳು ಆಡಿಸುತ್ತಾ ಕೂತರು. ನಾಳೆಗೆ ಎರಡನೇ ಮಗ್ಗುಲಿನ ಮೇಘ ಮಲ್ಹಾರ ಹಾಕುತ್ತೇನೆ. ಮಿರಗದ ಮಳೆ ಹಿಡಿದಿದೆ, ಇನ್ಯಾವಾಗ ಹಾಕೋದು ಅಲ್ವಾ?

ಡೊನ್ನಾ ಸಮರ್ ಅವರ ‘ಐ ಫೀಲ್ ಲವ್’ ಇಲ್ಲದೆ ನನ್ನ ಪೆಟ್ಟಿಗೆ ಮನೆ ಬಿಟ್ಟು ಹೊರಡೋದಿಲ್ಲ. 1977ರದು. ಜಾರ್ಜಿಯೋ ಮೊರೋಡರ್ ಮತ್ತು ಪೀಟ್ ಬೆಲೋಟ್ ಮಾಡಿದ್ದು. ಬೇಸ್ ಪೂರ್ತಿ ಮೂಗ್ ಸಿಂಥ್‌ನದು. ಒಂದೊಂದು ಸ್ವರವೂ ಒಂದು ಸ್ಪೀಕರಿನಲ್ಲಿ ಬಂದು, ಕೂಡಲೇ ಅದರ ಮರುದನಿ ಇನ್ನೊಂದರಲ್ಲಿ ಬರುತ್ತದೆ. ಎರಡು ಸ್ಪೀಕರಿನ ನಡುವೆ ನಿಂತರೆ ನೆಲವೇ ಆಚೀಚೆ ಓಡಾಡಿದ ಹಾಗೆ. ಇದನ್ನು ಎಲ್‌ಪಿಯಲ್ಲಿ ಹಾಕೋದಿಲ್ಲ, ಹನ್ನೆರಡು ಇಂಚಿನ ಸಿಂಗಲ್ಲಿನಲ್ಲೇ ಹಾಕುತ್ತೇನೆ. ಕಾರಣ ಇದೆ. ಎಲ್‌ಪಿಯಲ್ಲಿ ಈ ಹಾಡು ಕೊನೆಯದು, ಅಂದರೆ ಲೇಬಲ್ಲಿನ ಪಕ್ಕಕ್ಕೆ. ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರಗಿನ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಒಳಗಿನ ಸುತ್ತಿಗೆ ಬರುವಷ್ಟರಲ್ಲಿ ಅದು 21ಕ್ಕೆ ಇಳಿದಿರುತ್ತದೆ. ಅಷ್ಟೇ ಸಂಗೀತ, ಅರ್ಧಕ್ಕಿಂತ ಕಡಿಮೆ ಜಾಗ. ಸ, ಶ ದನಿಗಳು ಸೀಳುತ್ತವೆ, ಹೈ-ಹ್ಯಾಟ್ ಒರಟಾಗುತ್ತದೆ. ಸಿಂಗಲ್ಲಿನಲ್ಲಿ ಒಂದು ಮಗ್ಗುಲಿಗೆ ಒಂದೇ ಹಾಡು. ಗೆರೆಗಳ ನಡುವೆ ಅಂತರ ಜಾಸ್ತಿ, ಬೇಸ್ ದಪ್ಪ, ದನಿ ಜೋರು. ಬೆಳಕಿಗೆ ಹಿಡಿದರೆ ಕಣ್ಣಿಗೇ ಕಾಣುತ್ತದೆ: ಗುದ್ದು ಬರುವ ಕಡೆ ಗೆರೆ ಅಗಲ, ದನಿ ಇಳಿದ ಕಡೆ ಒತ್ತೊತ್ತಾಗಿ ಕಪ್ಪು. ಹಾಡು ಎಲ್ಲಿ ಖಾಲಿಯಾಗುತ್ತದೆ ಅಂತ ನೋಡಿಯೇ ಹೇಳಬಹುದು. ಮುಂದಿನ ರೆಕಾರ್ಡನ್ನು ಅಲ್ಲೇ ಸೇರಿಸೋದು.

ಮಾನ್ಯುಯೆಲ್ ಗಟ್‌ಶಿಂಗ್ ಅವರ ‘ಇ2-ಇ4’ ಬೇಕು. 1981ರ ಡಿಸೆಂಬರಿನಲ್ಲಿ ಬರ್ಲಿನ್ನಿನ ತಮ್ಮ ಸ್ಟುಡಿಯೋದಲ್ಲಿ ಒಬ್ಬರೇ ಕೂತು ಒಂದೇ ಬಾರಿಗೆ ನುಡಿಸಿದ್ದು, ರೆಕಾರ್ಡಾಗಿ ಬಂದದ್ದು 1984ರಲ್ಲಿ. ಒಂದು ಗಂಟೆ ಹತ್ತಿರ ಎರಡೇ ಎರಡು ಸ್ವರಮೇಳ ಸುತ್ತುತ್ತವೆ. ಅರ್ಧ ದಾಟಿದ ಮೇಲೆ ಗಿಟಾರ್ ಬರುತ್ತದೆ. ನಮ್ಮ ನಿಧಾನದ ವಿಲಂಬಿತ ಗಾಯನ ಕೇಳಿದ ಕಿವಿಗೆ ಈ ತಾಳ್ಮೆ ಹೊಸದಲ್ಲ. ಧಾರವಾಡದ ಜನ ಇದಕ್ಕೆ ಬೇಜಾರಾಗಿದ್ದನ್ನು ನಾನು ನೋಡಿಲ್ಲ.

ರೂಪಾ ಅವರ ‘ಡಿಸ್ಕೋ ಜಾಝ್’, 1982. ಕೆನಡಾದಲ್ಲಿ ರೆಕಾರ್ಡ್ ಮಾಡಿದ್ದು, ಸರೋದ್ ಆಶಿಷ್ ಖಾನ್ ಅವರದು. ನಾಝಿಯಾ ಹಸನ್ ಅವರ ‘ಡಿಸ್ಕೋ ದೀವಾನೆ’, 1981. ಅದರ ಸಂಗೀತ ಮಾಡಿದವರ ಹೆಸರು ‘ಬಿದ್ದು’, ನಮ್ಮ ಕೊಡವರು, ಬೆಂಗಳೂರಿನಲ್ಲಿ ಹುಟ್ಟಿದವರು. ಕುಣಿತ ಕಾವೇರಿದಾಗ ಇವೆರಡೂ ಕೈ ಬಿಡೋದಿಲ್ಲ.

ಕನ್ನಡದ್ದು ಕೇಳಿದರೆ ‘ಗೀತಾ’. 1981ರ ಶಂಕರ್‌ನಾಗ್ ಸಿನಿಮಾ, ಇಳಯರಾಜಾ ಸಂಗೀತ. ‘ಸಂತೋಷಕ್ಕೆ’ ಶುರುವಾದರೆ ಎಲ್ಲರೂ ದನಿಗೆ ದನಿ ಸೇರಿಸುತ್ತಾರೆ. ಆದರೆ ನಾನು ಹೆಚ್ಚು ಕಾಯುವುದು ‘ಜೊತೆಯಲಿ’ಗೆ. ಅದರ ಬೇಸ್ ಗಿಟಾರ್ ಒಂದನ್ನೇ ಹಿಡಿದು ಕೇಳಿ ನೋಡಿ. ಹಾಡಿನ ಕೆಳಗೆ ಇನ್ನೊಂದು ಹಾಡೇ ಹರಿಯುತ್ತಿದೆ. ಇಂಥ ರೆಕಾರ್ಡ್ ಸೇರಿಸುವುದು ಕಷ್ಟ. ಮನುಷ್ಯರು ನುಡಿಸಿದ್ದು, ವೇಗ ಚೂರು ಏರಿಳಿಯುತ್ತದೆ. ಟೆಕ್ನಿಕ್ಸ್ 1200 ಟರ್ನ್‌ಟೇಬಲ್ಲಿನಲ್ಲಿ ವೇಗ ಬದಲಿಸುವ ಪಿಚ್ ಪಟ್ಟಿ ಎಂಟು ಪರ್ಸೆಂಟ್ ಹಿಂದೆ ಮುಂದೆ ಹೋಗುತ್ತದೆ, ಆದರೆ ಇಲ್ಲಿ ಅದನ್ನು ಒಮ್ಮೆ ಇಟ್ಟು ಸುಮ್ಮನಿರುವ ಹಾಗಿಲ್ಲ. ತಿರುಗುವ ತಟ್ಟೆಯ ಅಂಚಿಗೆ ಕಿರುಬೆರಳು ತಾಗಿಸಿಕೊಂಡೇ ಇರಬೇಕು. ಓಡಿದರೆ ಚೂರು ಒತ್ತು, ಹಿಂದೆ ಬಿದ್ದರೆ ಲೇಬಲ್ ಮೇಲೆ ಬೆರಳಿಟ್ಟು ಮುಂದಕ್ಕೆ ತಳ್ಳು. ನನಗೆ ಈ ಕೆಲಸದಲ್ಲಿ ಅತ್ಯಂತ ಖುಷಿ ಕೊಡುವ ಗಳಿಗೆ ಅದೇ.

ಕೊನೆಗೆ, ಕುಣಿದು ದಣಿದವರಿಗೆ, ಗಂಗೂಬಾಯಿ ಹಾನಗಲ್. ಅವರ ಮೊದಲ ರೆಕಾರ್ಡುಗಳು 78 ಸುತ್ತಿನವು, ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ. ಅಷ್ಟರಲ್ಲಿ ರಾಗ ತೆರೆದು ಮುಚ್ಚಬೇಕು. ಆಗಿನ ದನಿಯೂ ಬೇರೆ, ಎತ್ತರದ ತೆಳು ದನಿ. ಆ ಗಂಭೀರ ದನಿ ಬಂದದ್ದು ಗಂಟಲಿನ ಚಿಕಿತ್ಸೆ ಆದ ಮೇಲೆ. ಎಲ್‌ಪಿ 1948ರಲ್ಲಿ ಅಮೆರಿಕದಲ್ಲಿ ಬಂತು, ನಮ್ಮಲ್ಲಿಗೆ ಆಮೇಲೆ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಕ್ಕ ಮೇಲೆಯೇ ಖಯಾಲ್ ಹಾಡುವವರಿಗೆ ರೆಕಾರ್ಡಿನಲ್ಲೂ ಉಸಿರಾಡಲು ಜಾಗ ಸಿಕ್ಕಿದ್ದು. ತಂಬೂರಿ ಒಂದೇ ನುಡಿಯುತ್ತಿರುತ್ತದೆ, ಗಂಗೂಬಾಯಿ ಇನ್ನೂ ಬಾಯಿ ತೆರೆದಿರೋದಿಲ್ಲ. ಆ ಕೆಲವು ಸೆಕೆಂಡುಗಳಿಗಾಗಿಯೇ ಅವರ ಎಲ್‌ಪಿ ಹೊತ್ತು ಹೋಗುತ್ತೇನೆ.

ಮಾಳಮಡ್ಡಿ ಮನೆಯ ನೆಲಕ್ಕೆ ಮರದ ಹಲಗೆ. ಬೇಸ್ ಹಲಗೆ ಹಿಡಿದು ಮೇಜಿಗೆ ಏರಿ, ಮುಳ್ಳಿಗೆ ತಗುಲಿ, ಮತ್ತೆ ಸ್ಪೀಕರಿನಿಂದ ಬಂದು ಗೋಂ ಅಂತ ಊಳಿಡುತ್ತದೆ. ಅದಕ್ಕೆ ಸೈಕಲ್ ಟ್ಯೂಬಿಗೆ ಅರ್ಧ ಗಾಳಿ ಹಾಕಿ, ಅದರ ಮೇಲೆ ಕಡಪಾ ಕಲ್ಲಿನ ಚಪ್ಪಡಿ ಇಟ್ಟು, ಕಲ್ಲಿನ ಮೇಲೆ ಟರ್ನ್‌ಟೇಬಲ್ ಕೂರಿಸುತ್ತೇವೆ. ಭಾರದ ಕಲ್ಲು, ಮೆತ್ತನೆ ಗಾಳಿ, ಎರಡೂ ಸೇರಿ ನಡುಕವನ್ನು ತಡೆಯುತ್ತವೆ. ಗೆಳೆಯ ಟ್ಯೂಬಿಗೆ ಗಾಳಿ ಹಾಕಿ ಇಟ್ಟಿದ್ದಾನಂತೆ.

ಒಂದು ಮಾತು. ‘ಗೀತಾ’ದ ನನ್ನ ರೆಕಾರ್ಡ್ ಸವೆದಿದೆ. ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ಯಾರ ಮನೆಯ ಅಟ್ಟದ ಮೇಲಾದರೂ ಒಳ್ಳೆಯದೊಂದು ಇದ್ದರೆ ದಯವಿಟ್ಟು ಕೆಳಗೆ ಕಾಮೆಂಟಿನಲ್ಲಿ ತಿಳಿಸಿ. ಒಣ ಬಟ್ಟೆಯಲ್ಲಿ ಒರೆಸಬೇಡಿ, ಎರೆಮಣ್ಣಿನ ಧೂಳು ಗೆರೆಯನ್ನು ಗೀರುತ್ತದೆ. ಒಂದರ ಮೇಲೊಂದು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ. ಮಳೆಗಾಲದಲ್ಲಿ ಹೊರಗೋಡೆಯಿಂದ ದೂರ ಇಡಿ. ನಾನೇ ಬಂದು ನೋಡುತ್ತೇನೆ.