ಬರಿದಾದ ಗರ್ಭಗುಡಿಗೆ ಹೊತ್ತ ಹರಕೆ

ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಒಂದು ಬನದ ಹುಣ್ಣಿಮೆಯಿಂದ ಮತ್ತೊಂದು ಬನದ ಹುಣ್ಣಿಮೆಗೆ ವರ್ಷದ ಲೆಕ್ಕ. ಪುಷ್ಯ ಮಾಸದ ಆ ಹುಣ್ಣಿಮೆಯಂದು ಚೊಳಚಗುಡ್ಡದ ಹತ್ತಿರದ ಬನಶಂಕರಿಯ ತೇರು ಸಾಗುತ್ತದೆ. ಹಿಂದಿನ ದಿನವೇ ಪಲ್ಲೇದ ಹಬ್ಬ. ಶಾಕಂಭರಿಯೆಂದು ಹೆಸರಾದ ತಾಯಿಗೆ ಅಂದು 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ತೇರಿನ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುತ್ತದೆ. ನಮ್ಮ ಮನೆಯ ಮಗ್ಗ ಆ ದಿನಗಳಲ್ಲಿ ನಿಲ್ಲುತ್ತಿತ್ತು. ನಮ್ಮ ಮಗ್ಗದಲ್ಲೇ ನೇಯ್ದ ಖಣವೊಂದನ್ನು, ಎಂದರೆ ಕುಪ್ಪಸದ ಬಟ್ಟೆಯನ್ನು, ಮಡಿಯಲ್ಲಿ ತೆಗೆದಿಟ್ಟು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬುಗಳೊಡನೆ ಕಟ್ಟಿಕೊಂಡು, ಆಯಿ ನಮ್ಮನ್ನೆಲ್ಲ ಬಸ್ಸಿಗೆ ಹತ್ತಿಸುತ್ತಿದ್ದಳು.

ಬಸ್ಸು ಬಾದಾಮಿಯನ್ನು ಹಾದೇ ಹೋಗಬೇಕು. ಊರಿನ ನೆತ್ತಿಯ ಮೇಲೆ ಕೆಂಪು ಬಂಡೆಗಳ ಗುಡ್ಡ, ಬಂಡೆಯ ತುದಿಯಲ್ಲಿ ಕೆಂಪು ಕಲ್ಲಿನದೇ ಪುಟ್ಟ ಗುಡಿ. ಕಿಟಕಿಯಿಂದ ಅದು ಕಂಡೊಡನೆ ಆಯಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಕೈ ಮುಗಿಯುತ್ತಿದ್ದಳು. ಹತ್ತೋಣ ಎಂದು ನಾನು ಹಟ ಹಿಡಿದರೆ ಉತ್ತರ ಒಂದೇ: “ಮೊದ್ಲ ತಾಯಿ ಕಾಲಿಗೆ ಬೀಳೂಣು, ಗುಡ್ಡ ಎಲ್ಲಿ ಓಡಿ ಹೊಕ್ಕೈತಿ?” ತಾಯಿಯ ದರ್ಶನ, ಹರಿದ್ರಾ ತೀರ್ಥದ ಮೆಟ್ಟಿಲ ಮೇಲೆ ರೊಟ್ಟಿ ಬುತ್ತಿ, ಬೆಂಡು ಬೆತ್ತಾಸು, ಬಳೆ ಅಂಗಡಿ, ನಾಟಕ ಕಂಪನಿಯ ಡೇರೆ, ಇಷ್ಟರಲ್ಲಿ ಕತ್ತಲಾಗುತ್ತಿತ್ತು. ಮರಳುವಾಗ ಗುಡ್ಡ ಕಾಣುತ್ತಿರಲಿಲ್ಲ.

ಅಲ್ಲಿಗೆ ಹೋಗಬೇಕೆಂಬ ಆಸೆಗೆ ಮೊದಲ ಕಾರಣ ಆಯಿ ಹೇಳಿದ ಕಥೆ. ವಾತಾಪಿ, ಇಲ್ವಲ ಎಂಬ ಅಣ್ಣತಮ್ಮಂದಿರ ಪೈಕಿ ಒಬ್ಬನು ಟಗರಾಗಿ ಅಡುಗೆಯಾಗುವುದು, ಉಂಡ ಅತಿಥಿಯ ಹೊಟ್ಟೆಯನ್ನು ಸೀಳಿ ಹೊರಬರುವುದು, ಕಡೆಗೆ ಅಗಸ್ತ್ಯ ಮುನಿ “ವಾತಾಪಿ ಜೀರ್ಣೋಭವ” ಎಂದು ಹೊಟ್ಟೆ ಸವರಿಕೊಂಡು ಅವನನ್ನು ಅರಗಿಸಿಬಿಡುವುದು. ಕೆರೆಯ ಎರಡು ಬದಿಯ ಗುಡ್ಡಗಳೇ ಆ ಇಬ್ಬರು ರಾಕ್ಷಸರು ಎಂದು ಆಯಿ ನಂಬಿದ್ದಳು. ಸಾಲೆಯ ಪುಸ್ತಕದಲ್ಲಿ ಚಾಲುಕ್ಯರ ಪಾಠ ಬಂದಾಗ, ಆ ರಾಕ್ಷಸನ ಬೆನ್ನ ಮೇಲೆಯೇ ಪುಲಿಕೇಶಿ ಕೋಟೆ ಕಟ್ಟಿದನೆಂದು ನಾನು ತಿಳಿದುಕೊಂಡೆ. ಎರಡನೆಯ ಕಾರಣ ನನ್ನ ಜ್ವರ. ಇಳಿಯದೆ ಕಾಡಿದ ಜ್ವರದಲ್ಲಿ ನಾನು ಮಲಗಿದ್ದಾಗ ಆಯಿ ಬನಶಂಕರಿಗೆ ಉಡಿ ಹೇಳಿಕೊಂಡಳು. ಸಾಲದೆಂಬಂತೆ, “ಗುಡ್ಡದ ಮ್ಯಾಲಿನ ಶಿವಪ್ಪಗೂ ಒಂದ್ ಕಾಯಿ” ಎಂದು ಸೇರಿಸಿದಳು. ತಾಯಿಯ ಉಡಿ ಆ ವರ್ಷವೇ ತುಂಬಿತು. ಶಿವಪ್ಪನ ಕಾಯಿ ಮಾತ್ರ ಆಯಿಯ ಮೊಣಕಾಲಿನ ನೋವಿನಿಂದ ಹಿಂದೆ ಬಿದ್ದು, ಅವಳು ತೀರಿಹೋದ ಮೇಲೂ ಬಾಕಿ ಉಳಿದಿತ್ತು.

ಅಕ್ಕನೂ ನಾನೂ ಹೋಗಲು ಆರಿಸಿಕೊಂಡದ್ದು ಕಾರ್ತಿಕ ಹುಣ್ಣಿಮೆಯನ್ನು. ಮಳೆಗಾಲ ಮುಗಿದು ಕೆರೆ ತುಂಬಿರುತ್ತದೆ, ಬಂಡೆ ಇನ್ನೂ ಕಾದಿರುವುದಿಲ್ಲ ಎಂಬುದು ಅಕ್ಕನ ಲೆಕ್ಕಾಚಾರ. ನನಗೆ ಬೇರೆ ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ. ಆಯಿಯ ಕ್ರಮದಂತೆ ಮೊದಲು ಬನಶಂಕರಿಗೆ ಹೋಗಿ ಉಡಿ ತುಂಬಿದೆವು. ಸಿಂಹದ ಮೇಲೆ ಕುಳಿತ ಎಂಟು ಕೈಗಳ ತಾಯಿಯ ಮುಂದೆ ಜಾತ್ರೆಯ ನೂಕುನುಗ್ಗಲಿಲ್ಲದೆ ನಿಲ್ಲುವುದು ಎಂಥ ಸುಖವೆಂಬುದು ಹುಣ್ಣಿಮೆಯ ತೇರಿಗೆ ಮಾತ್ರ ಹೋಗಿ ಬರುವವರಿಗೆ ತಿಳಿಯುವುದಿಲ್ಲ.

ಬಾದಾಮಿಯ ಉತ್ತರದ ಗುಡ್ಡಕ್ಕೆ ಹತ್ತುವ ದಾರಿ ವಸ್ತುಸಂಗ್ರಹಾಲಯದ ಪಕ್ಕದಿಂದ ಮೊದಲಾಗುತ್ತದೆ. ಒಳಗೆ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ವಿಗ್ರಹವಿದೆ. ಮುಖದ ಜಾಗದಲ್ಲಿ ಕಮಲವನ್ನು ಹೊತ್ತ ಆ ತಾಯಿಗೆ ಅಕ್ಕ ಚಪ್ಪಲಿ ಕಳಚಿ ಕೈ ಮುಗಿದಳು. ಮೆಟ್ಟಿಲುಗಳು ಸ್ವಲ್ಪ ದೂರ ಬಯಲಲ್ಲಿ ಸಾಗಿ, ಅನಂತರ ಎರಡು ಬಂಡೆಗಳ ನಡುವಿನ ಸೀಳಿನೊಳಗೆ ನುಗ್ಗುತ್ತವೆ. ಎರಡೂ ಕಡೆ ಗೋಡೆಯಂತೆ ನಿಂತ ಕೆಂಪು ಮರಳುಗಲ್ಲು, ಮೇಲೆ ಒಂದು ಪಟ್ಟಿಯಷ್ಟು ಆಕಾಶ, ಕಾಲಡಿಯಲ್ಲಿ ತಂಪು ನೆರಳು. ಕಾಯಿಯ ಚೀಲವನ್ನು ಮಂಗಗಳ ಕಣ್ಣಿಗೆ ಬೀಳದಂತೆ ಅಕ್ಕ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

ಇದೇ ಬೆಟ್ಟದ ಬಂಡೆಯೊಂದರ ಮೇಲೆ ಒಂದನೆಯ ಪುಲಿಕೇಶಿಯ ಶಾಸನವಿದೆ. ಶಕವರ್ಷ 465, ಅಂದರೆ ಕ್ರಿ.ಶ. 543. ಭೂಮಿಯ ಏಳಿಗೆಗಾಗಿ ಬೆಟ್ಟಗಳ ಒಡೆಯನಾದ ವಾತಾಪಿಯನ್ನು, ಎಂದರೆ ಇಂದಿನ ಬಾದಾಮಿಯನ್ನು, ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಗೆಲ್ಲಲಾಗದ ದುರ್ಗವನ್ನಾಗಿ ಮಾಡಿದೆನೆಂದು ಅದು ಸಾರುತ್ತದೆ. ನೂರು ವರ್ಷ ತುಂಬುವ ಮೊದಲೇ, 642ರಲ್ಲಿ, ಪಲ್ಲವ ನರಸಿಂಹವರ್ಮ ಅದನ್ನು ಗೆದ್ದ. ಇಮ್ಮಡಿ ಪುಲಿಕೇಶಿಯ ಆಳ್ವಿಕೆ ಅದರೊಂದಿಗೆ ಕೊನೆಗೊಂಡಿತು. ಗೆದ್ದವನ ಶಾಸನವೂ ಇಲ್ಲಿನ ಬಂಡೆಯ ಮೇಲೆಯೇ ಇದೆ. ಮುಂದೆ ಒಂದನೆಯ ವಿಕ್ರಮಾದಿತ್ಯ ರಾಜಧಾನಿಯನ್ನು ಮರಳಿ ಪಡೆದ. ಅರಸರ ಈ ಸೋಲು ಗೆಲುವುಗಳನ್ನು ಓದುವಾಗ ಇರುವ ಕುತೂಹಲ ಹತ್ತುವಾಗ ನನ್ನಲ್ಲಿ ಉಳಿಯಲಿಲ್ಲ. ಮೊಣಕಾಲು ಗಟ್ಟಿಯಿದ್ದ ಕಾಲದಲ್ಲಿ ಆಯಿಯನ್ನು ಯಾರಾದರೂ ಇಲ್ಲಿಗೆ ಕರೆತರಬೇಕಿತ್ತು ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಕೆಳಗಿನ ಶಿವಾಲಯ ಮೊದಲು ಸಿಗುತ್ತದೆ. ಅದರ ಹೊರಗೋಡೆ, ಮಂಟಪಗಳೆಲ್ಲ ಹೋಗಿ ಗರ್ಭಗುಡಿಯೂ ಅದರ ಮೇಲಿನ ಶಿಖರವೂ ಮಾತ್ರ ನಿಂತಿವೆ; ಸಿಪ್ಪೆ, ಕರಟ ಎರಡನ್ನೂ ಬಿಡಿಸಿದ ಮೇಲೆ ಉಳಿಯುವ ಇಡಿಗೊಬ್ಬರಿಯ ಹಾಗೆ. ಮೇಲಿನ ಶಿವಾಲಯ ಗುಡ್ಡದ ತುದಿಯಲ್ಲಿದೆ. ಹೆಸರು ಶಿವಾಲಯವಾದರೂ ಗೋಡೆಯ ಮೇಲೆ ಗೋವರ್ಧನವನ್ನೆತ್ತಿದ ಕೃಷ್ಣನಿದ್ದಾನೆ, ಹಿರಣ್ಯಕಶಿಪುವನ್ನು ಸೀಳುವ ನರಸಿಂಹನಿದ್ದಾನೆ. ಗುಡಿಯ ಬುಡದ ಕಲ್ಲಿನ ಪೀಠವಾದ ಅಧಿಷ್ಠಾನದ ಪಟ್ಟಿಯಲ್ಲಿ ರಾಮಾಯಣದ ಪ್ರಸಂಗಗಳು ಸಾಲಾಗಿ ಸಾಗುತ್ತವೆ. ಏಳನೆಯ ಶತಮಾನದ ಈ ಗುಡಿಯನ್ನು ಶಿವನದೋ ವಿಷ್ಣುವಿನದೋ ಎಂದು ವಿಂಗಡಿಸಲು ನಾನು ಹೋಗಲಿಲ್ಲ. ಸುತ್ತಿ ಬಂದು ಗರ್ಭಗುಡಿಯ ಹೊಸ್ತಿಲಲ್ಲಿ ನಿಂತಾಗ ಎದುರಿಗಿದ್ದದ್ದು ಬರಿಯ ಕತ್ತಲೆ. ಲಿಂಗವಿಲ್ಲ, ವಿಗ್ರಹವಿಲ್ಲ, ಎಣ್ಣೆಯ ವಾಸನೆಯಿಲ್ಲ.

ಮೂರ್ತಿಯಿಲ್ಲವೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ, ಚಿಕ್ಕಂದಿನಿಂದ ಯಾರನ್ನು ಕಾಣಬೇಕೆಂದು ಹಂಬಲಿಸಿದ್ದೆನೋ ಆತನಿಲ್ಲದ ಮನೆಯ ಬಾಗಿಲಿಗೆ ಬಂದು ನಿಂತಾಗ, ಮುಗಿಯಲೆಂದು ಮೇಲೆತ್ತಿದ ಕೈಗಳು ಎದೆಯವರೆಗೆ ಬಂದು ಅರೆಗಳಿಗೆ ತಡೆದವು. ಅಕ್ಕ ತಡೆಯಲಿಲ್ಲ. ಆಯಿಯಂತೆಯೇ ಸೆರಗೆಳೆದುಕೊಂಡು, ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಸ್ವಲ್ಪ ಹೊತ್ತು ಕುಳಿತಳು. ಅವಳ ಪಕ್ಕದಲ್ಲಿ ಕುಳಿತಾಗ ನನಗೆ ಅನ್ನಿಸಿದ್ದು ಇಷ್ಟು: ಬಸ್ಸಿನ ಕಿಟಕಿಯಿಂದ ಆಯಿ ಕೈ ಮುಗಿದಾಗ ಅವಳಿಗೂ ಒಳಗಿನ ಮೂರ್ತಿ ಕಂಡಿರಲಿಲ್ಲ. ಒಳಗೆ ಯಾರಿದ್ದಾರೆಂದು ವಿಚಾರಿಸಿಕೊಂಡು ಅವಳು ಹರಕೆ ಹೊತ್ತವಳಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಯಾರೋ ಭಕ್ತಿಯಿಂದ ಕಲ್ಲಿನ ಮೇಲೆ ಕಲ್ಲಿಟ್ಟು ನಮಸ್ಕಾರ ಮಾಡಿದ ಜಾಗ ಎಂಬುದಷ್ಟೇ ಅವಳಿಗೆ ಸಾಕಾಗಿತ್ತು.

ತಮಿಳುನಾಡಿನ ತಿರುಚೆಂಗಾಟ್ಟಂಗುಡಿಯಲ್ಲಿ ವಾತಾಪಿ ಗಣಪತಿಯೆಂದು ಕರೆಯಿಸಿಕೊಳ್ಳುವ ಗಣೇಶನಿದ್ದಾನೆ; ಪಲ್ಲವರ ದಂಡನಾಯಕ ಪರಂಜ್ಯೋತಿ ಈ ಊರನ್ನು ಗೆದ್ದಾಗ ಇಲ್ಲಿಂದಲೇ ಆ ಮೂರ್ತಿಯನ್ನು ಕೊಂಡೊಯ್ದನೆಂಬ ಪ್ರತೀತಿಯಿದೆ. ಅದನ್ನು ಅಕ್ಕನಿಗೆ ಹೇಳಿದೆ. “ಹಂಗಾದ್ರ ಗಣಪ್ಪ ಎಲ್ಲೂ ಹೋಗಿಲ್ಲ ಬಿಡು, ಪರಊರಾಗ ಇದ್ದಾನ. ಅಲ್ಲಿ ದಿನಾ ಪೂಜಿ ಆಕ್ಕೈತಿಲ್ಲ?” ಎಂದಳು. ಆಗುತ್ತದೆ ಎಂದೆ. ದುಡಿಯಲು ದೂರದ ಊರಿಗೆ ಹೋದ ಮಗನ ಬಗ್ಗೆ ಮಾತಾಡುವಾಗ ಇರುವ ಸಮಾಧಾನವೇ ಅವಳ ದನಿಯಲ್ಲಿತ್ತು.

ಇನ್ನು ಕಾಯಿಯ ಪ್ರಶ್ನೆ. ಅಲ್ಲಿದ್ದ ಕಾವಲುಗಾರರು ಚೀಲವನ್ನು ನೋಡಿಯೇ, “ಇಲ್ಲಿ ಒಡ್ಯಾಕ ಬರಂಗಿಲ್ರಿ ಅಕ್ಕಾರ” ಎಂದರು. ಪೂಜೆ ನಿಂತುಹೋದ ಸಂರಕ್ಷಿತ ಗುಡಿಗಳಲ್ಲಿ ಹೊಸದಾಗಿ ಪೂಜೆಯನ್ನು ಆರಂಭಿಸಲು ಪುರಾತತ್ವ ಇಲಾಖೆ ಬಿಡುವುದಿಲ್ಲ. ಇದನ್ನು ಭಕ್ತಿಗೆ ಅಡ್ಡಿಯೆಂದು ಬೈಯುವವರಿದ್ದಾರೆ. ನಾನು ಅವರ ಪಕ್ಷವಲ್ಲ. ಮರಳುಗಲ್ಲಿನ ಮೈಗೆ ಎಣ್ಣೆ, ಕರ್ಪೂರದ ಮಸಿ, ಕಾಯಿನೀರು ಹತ್ತಿದರೆ ಬಿಡಿಸುವುದು ಕಷ್ಟ, ಮೊನಚಾದ ಕೆತ್ತನೆಗಳು ವರ್ಷವರ್ಷಕ್ಕೆ ಮೊಂಡಾಗುತ್ತವೆ. ಇಷ್ಟು ಕಾಲ ಗಾಳಿ ಮಳೆಗಳನ್ನು ತಡೆದುಕೊಂಡ ನರಸಿಂಹನ ಮುಖವನ್ನು ನನ್ನ ಹರಕೆಯ ಕಾಯಿ ಕೆಡಿಸಬೇಕೆ? ದೂರ ನಿಂತು ಮುಟ್ಟದೆ ನೋಡುವುದೂ ಮಡಿಯೇ. ಬಂಡೆಗಳ ಮೇಲೆ ತಮ್ಮ ಹೆಸರು, ಪ್ರಿಯತಮೆಯ ಹೆಸರು ಕೊರೆದು ಹೋಗುವವರ ಮೇಲೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಈ ಶಿಖರವನ್ನು ನಿಲ್ಲಿಸಿದವರೇ ಗೋಡೆಯ ಮೇಲೆ ತಮ್ಮ ಹೆಸರನ್ನು ಮೆರೆಸಿಲ್ಲ. ಅನಂತರ ಬೇರೆ ದಾರಿಯಿಂದ ಹತ್ತಿದ ಮಾಲೆಗಿತ್ತಿ ಶಿವಾಲಯದಲ್ಲಿ ಆರ್ಯಮಿಂಚಿ ಉಪಾಧ್ಯಾಯ ಎಂಬ ಹೆಸರು ಕಿರುಶಾಸನದಲ್ಲಿ ಉಳಿದಿದೆ, ಶಿಲ್ಪಿಯದೆಂದು ಬಲ್ಲವರು ಹೇಳುತ್ತಾರೆ.  ಆ ಗುಡಿಯ ಹೊರಗೋಡೆಯ ಒಂದು ಬದಿಗೆ ಶಿವ, ಇನ್ನೊಂದು ಬದಿಗೆ ವಿಷ್ಣು. ಹತ್ತಿರ ಹೋದರೆ ಎಷ್ಟು ಚಿಕ್ಕದೋ ಅಷ್ಟೇ ಗಟ್ಟಿ.

ನಾನು ಕಾರ್ತಿಕ ಹುಣ್ಣಿಮೆಯನ್ನೇ ಹಿಡಿದ ಕಾರಣ ಕೆರೆಯಾಚೆಯ ದಕ್ಷಿಣದ ಗುಡ್ಡದಲ್ಲಿದೆ. ಮೂರನೆಯ ಗುಹೆ ವಿಷ್ಣುವಿನದು. ಅನಂತನ ಸುರುಳಿಯ ಮೇಲೆ ಕುಳಿತವನು, ಭೂದೇವಿಯನ್ನೆತ್ತಿದ ವರಾಹ, ಕಾಲನ್ನು ಆಕಾಶಕ್ಕೆ ಚಾಚಿದ ತ್ರಿವಿಕ್ರಮ, ಇವರ ನಡುವೆ ಮಂಗಲೇಶನ ಶಾಸನವಿದೆ. ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕವರ್ಷ 500, ಅಂದರೆ ಕ್ರಿ.ಶ. 578, ಮಹಾಕಾರ್ತಿಕ ಹುಣ್ಣಿಮೆಯ ದಿನ. ಗುಹಾಲಯವನ್ನು ಕಡೆಸಿ, ವಿಷ್ಣುವಿನ ಪ್ರತಿಷ್ಠೆ ಮಾಡಿ, ಊರೊಂದನ್ನು ದತ್ತಿ ಬಿಟ್ಟ ಮಂಗಲೇಶ, ಸೂರ್ಯ, ಅಗ್ನಿ, ಮಹಾಜನರ ಎದುರಿನಲ್ಲಿ ನೀರೆರೆದು ಒಂದು ಮಾತು ಹೇಳುತ್ತಾನೆ: ಈ ಕೆಲಸದ ಪುಣ್ಯವೆಲ್ಲ ಅಣ್ಣನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ. ಇದನ್ನು ಕೆತ್ತಿಸಿದವನೇ ಮುಂದೆ ತಾನೇ ಅರಸನಾಗಿ, ಆ ಅಣ್ಣನ ಮಗನಿಗೆ ಸಲ್ಲಬೇಕಾದ ಸಿಂಹಾಸನವನ್ನು ತನ್ನ ಮಗನಿಗೆ ಕೊಡಿಸಹೊರಟು, ಆ ಪ್ರಯತ್ನವನ್ನೂ ರಾಜ್ಯವನ್ನೂ ಜೀವವನ್ನೂ ಒಟ್ಟಿಗೇ ಕಳೆದುಕೊಂಡ. ಐಹೊಳೆಯ ಮೇಗುಟಿಯಲ್ಲಿ 634ರ ರವಿಕೀರ್ತಿಯ ಶಾಸನ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆದರೂ ಆ ಹುಣ್ಣಿಮೆಯ ದಿನ ನೀರೆರೆದಾಗ ಅವನ ಮನಸ್ಸು ಸುಳ್ಳಾಡಿರಲಿಲ್ಲವೆಂದೇ ನಾನು ನಂಬುತ್ತೇನೆ. ಮುಂದೆ ಹುಟ್ಟಿದ ಆಸೆ ಹಿಂದಿನ ಭಕ್ತಿಯನ್ನು ಅಳಿಸಲಾರದು. ಅಳಿಸಬಹುದಾಗಿದ್ದರೆ ನಮ್ಮಲ್ಲಿ ಯಾರ ಪೂಜೆ ತಾನೆ ಉಳಿದೀತು?

ಆ ಶಾಸನದ ಮುಂದೆ ನಿಂತೇ ಕಾಯಿಯ ತೀರ್ಮಾನವಾಯಿತು. ಗುಡ್ಡದ ಮೇಲಿನ ಶಿವಪ್ಪನ ಕಾಯಿಯನ್ನು ನಿತ್ಯಪೂಜೆ ನಡೆಯುವ ಶಿವನಲ್ಲಿಗೆ ಒಯ್ಯಬೇಕು, ಆತ ಚಾಲುಕ್ಯರ ಕಾಲದಿಂದಲೂ ಇದ್ದವನಾಗಿರಬೇಕು. ಹಾಗಾದರೆ ಮಹಾಕೂಟಕ್ಕೆ ಹೋಗಬೇಕು. ಗುಡ್ಡದ ಮೇಲಿನ ಕಾಲುದಾರಿ ಇದೆಯಾದರೂ ಹೊತ್ತು ಇಳಿದಿದ್ದರಿಂದ ಆಟೋದಲ್ಲಿ ಹೋದೆವು. ಇದೇ ಮಂಗಲೇಶನ ಕಾಲದಲ್ಲಿ ಅಲ್ಲಿ ನಿಂತಿದ್ದ ಶಾಸನಸ್ತಂಭ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಅವನ ತಂದೆಯ ರಾಣಿ ದುರ್ಲಭದೇವಿಯ ಹೆಸರೂ ಮಕುಟೇಶ್ವರನಾಥನಿಗೆ ಬಿಟ್ಟ ದತ್ತಿಯೂ ಅದರಲ್ಲಿ ದಾಖಲಾಗಿವೆ. ಸ್ತಂಭ ಹೋದರೂ ದೇವರು ಇಲ್ಲಿಯೇ ಇದ್ದಾನೆ, ಹೊಂಡದ ಒರತೆ ಬತ್ತಿಲ್ಲ, ನೀರಿನ ನಡುವಿನ ಪುಟ್ಟ ಮಂಟಪದಲ್ಲಿ ಮುಖಗಳುಳ್ಳ ಲಿಂಗವಿದೆ. ಹೊಂಡದಲ್ಲಿ ಕೈಕಾಲು ತೊಳೆದು ಮಹಾಕೂಟೇಶ್ವರನ ಗುಡಿಗೆ ಹೋದೆವು.

ಪೂಜಾರಿಗಳು ಕಾಯಿಯನ್ನು ಕೈಗೆತ್ತಿಕೊಂಡು, ಯಾರ ಹೆಸರಿಗೆ ಎಂದು ಕೇಳಿದರು. ಆಯಿಯ ಹೆಸರು ಹೇಳಿದೆವು. ಅವಳಿಲ್ಲವೆಂದು ತಿಳಿದಾಗ, “ಇದ್ದವರ ಹೆಸರ ಹೇಳ್ರಿ” ಎಂದರು. ಅಕ್ಕ ಜ್ವರದ ಕಥೆಯಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದಳು. “ಹರಕಿ ಅವರದಂದ್ರ ಹೆಸರೂ ಅವರದ ಬರ್ಲಿ” ಎಂದು ಅವರು ಒಪ್ಪಿ, ಆಯಿಯ ಹೆಸರನ್ನೇ ಹಿಡಿದು ಪೂಜೆ ಮಾಡಿ ಕಾಯಿ ಒಡೆದರು. ಹೊರಗೆ ಬಂದು ಕೊಬ್ಬರಿಯನ್ನು ಮುರಿಯುತ್ತ, ಜ್ವರ ಬಂದದ್ದು ನನಗೆ, ಗುಡ್ಡ ಹತ್ತಿದ್ದೂ ನಾನೇ, ಪುಣ್ಯವೆಲ್ಲ ಆಯಿಗೇ ಹೋದರೆ ನನ್ನ ಪಾಲೇನು ಎಂದು ಅಕ್ಕನನ್ನು ಕೆಣಕಿದೆ. ಗುಹೆಯಲ್ಲಿ ನಾನು ಓದಿ ಹೇಳಿದ್ದನ್ನು ಅವಳು ಮರೆತಿರಲಿಲ್ಲ. “ಆ ರಾಜಾ ಇಟ್ಕೊಂಡಿದ್ನಲ್ಲ, ಸೇವಾ ಮಾಡಿದ್ದರ ಫಲಾ. ಅಷ್ಟ ನಿಂದು. ಅದರಾಗೂ ಅರ್ಧಾ ನನಗ ಕೊಡು, ಕಾಯಿ ಚೀಲಾ ಹೊತ್ತಾಕಿ ನಾನು” ಎಂದಳು.