ಒಂದು ಜೊತೆ ಒಂಟಿ

ಹೋದ ಮಾಘದಲ್ಲಿ ನಮ್ಮ ದಾವಣಗೆರೆಯ ಮಂಡಿಪೇಟೆಯ ಕಡೆಯ ಚಿನ್ನದಂಗಡಿಯೊಂದರವರು ಕರಪತ್ರ ಮಾಡಿಸಲು ನನ್ನ ಡಿಟಿಪಿ ಅಂಗಡಿಗೆ ಬಂದರು. ಇಂಗ್ಲಿಷಿನಲ್ಲಿದ್ದ ಒಕ್ಕಣೆಯನ್ನು ಕನ್ನಡಕ್ಕೆ ತಂದು, ಅಕ್ಷರ ಜೋಡಿಸಿ, ಸಂಜೆಯೊಳಗೆ ಕೊಡಬೇಕಿತ್ತು. ಅದರಲ್ಲಿ ‘ಸಾಲಿಟೇರ್ ಉಂಗುರ’ ಎಂದು ನಾಲ್ಕು ಕಡೆ ಇತ್ತು. ನಾನು ಹೆಚ್ಚು ಯೋಚಿಸದೆ ‘ಒಂಟಿ ಹರಳಿನ ಉಂಗುರ’ ಎಂದು ಬರೆದೆ. ಕರಡು ನೋಡಲು ಬಂದ ಹಿರಿಯರು ಆ ಸಾಲಿನ ಮೇಲೆ ಬೆರಳಿಟ್ಟು ನಿಂತುಬಿಟ್ಟರು. “ಮದುವೆ ಉಂಗುರಕ್ಕೆ ಒಂಟಿ ಅನ್ನುವ ಪದ ಬೇಡಮ್ಮಾ, ಅಪಶಕುನ. ಹೊಡೆದುಹಾಕಿ” ಎಂದರು. ಹೊಡೆದುಹಾಕಿದೆ. ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದು ಕೊಟ್ಟೆ. ಅವರ ಹಣ, ಅವರ ಕರಪತ್ರ.

ಆದರೆ ಅಂದಿನಿಂದ ಆ ಪದ ನನ್ನ ಬೆನ್ನು ಬಿಟ್ಟಿಲ್ಲ. ಇಂಗ್ಲಿಷಿನಲ್ಲಿ ಒಂಟಿ ಎಂದರೆ ಬೆರಳಿಗೆ ತೊಡುವ ವಜ್ರ. ಕನ್ನಡದಲ್ಲಿ ಅದೇ ಪದ ಮದುವೆಮನೆಯ ಹೊಸ್ತಿಲು ದಾಟಬಾರದು. ನನ್ನ ಅಂಗಡಿಯಲ್ಲಿ ಆ ಪದ ಹೆಚ್ಚಾಗಿ ಬರುವುದು ಅರ್ಜಿಗಳಲ್ಲಿ. ಮದುವೆಯಾಗದವರ ಮತ್ತು ವಿಚ್ಛೇದಿತರ ಮನಸ್ವಿನಿ ಪಿಂಚಣಿಗೆ ಕಾಗದ ಸಿದ್ಧಮಾಡಿಸಲು ಬರುವ ಹೆಂಗಸರು ‘ಒಂಟಿ ಮಹಿಳೆ’ ಎಂಬ ಮಾತು ಬಂದಾಗ ದನಿ ತಗ್ಗಿಸುತ್ತಾರೆ. ಐವತ್ತೆರಡು ವರ್ಷದ ನಾನೂ ಆ ಸಾಲಿಗೆ ಸೇರಿದವಳೇ. ದನಿ ತಗ್ಗಿಸುವಂಥದ್ದು ಅದರಲ್ಲಿ ಏನಿದೆ ಎಂದು ನನಗೆ ಇಂದಿಗೂ ತಿಳಿದಿಲ್ಲ.

ನಮ್ಮಜ್ಜಿಗೆ ಈ ಪದದ ಬಗ್ಗೆ ಯಾವ ಅಳುಕೂ ಇರಲಿಲ್ಲ. ಅವಳ ಊರು ಹೊಳಲ್ಕೆರೆಯ ಬಳಿ. ಹೊಳಲ್ಕೆರೆಯಲ್ಲಿ ಒಂಟಿಕಂಬದ ಮಠವೇ ಇದೆ. ಜನ ಅಲ್ಲಿಗೆ ಹೋಗಿ ಕೈಮುಗಿಯುತ್ತಾರೆ, ಹೆಸರಿನಲ್ಲಿ ಒಂಟಿ ಇದೆಯೆಂದು ಯಾರೂ ಹಿಂದೆ ಸರಿಯುವುದಿಲ್ಲ. ಅದಕ್ಕಿಂತ ಹತ್ತಿರದ್ದು, ಅಜ್ಜನ ಕಿವಿಯಲ್ಲಿತ್ತು. ಹಿಂದಿನ ಗಂಡಸರು ಕಿವಿಗೆ ತೊಡುತ್ತಿದ್ದ ಒಡವೆಯ ಹೆಸರು ಒಂಟಿ. ಹಳೆಯ ಫೋಟೋದಲ್ಲಿ ಅಜ್ಜ ರುಮಾಲು ಸುತ್ತಿ ಕೂತಿದ್ದಾರೆ. ಕಿವಿಯ ಹಾಲೆಯ ಮೇಲೆ ಜೋಳದ ಕಾಳಿನಷ್ಟು ಬೆಳಕು ಕೂತಿದೆ. ಅಜ್ಜಿ ಆ ಫೋಟೋ ತೋರಿಸುವಾಗಲೆಲ್ಲ ಹೇಳುತ್ತಿದ್ದಳು: “ಮದುವೆ ಆದ ಮರುವರ್ಷ ಶೇಂಗಾ ಚೆನ್ನಾಗಿ ಬಂತು. ಆಗ ಒಂದು ಜೊತೆ ಒಂಟಿ ಮಾಡಿಸಿದೆವು.”

ಒಂದು ಜೊತೆ ಒಂಟಿ. ಚಿಕ್ಕಂದಿನಲ್ಲಿ ಈ ಮಾತು ಕಿವಿಗೆ ಬಿದ್ದು ಹೋಗಿತ್ತು. ಈಗ ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ. ಕರಪತ್ರದ ಹಿರಿಯರಿಗೆ ಅಂದೇ ಇದನ್ನು ಹೇಳಬೇಕಿತ್ತು, ನೆನಪಾಗಲಿಲ್ಲ.

ಸಾಲಿಟೇರ್ ಪದದ ಬೇರು ಲ್ಯಾಟಿನ್ನಿನ ಸೋಲಸ್, ಎಂದರೆ ಒಬ್ಬನೇ. ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಫ್ರೆಂಚರು ಹಿಂಡು ಬಿಟ್ಟು ತಿರುಗುವ ಮುದಿ ಕಾಡುಹಂದಿಯನ್ನೂ ಸಾಲಿಟೇರ್ ಎನ್ನುತ್ತಾರೆ; ನಮ್ಮ ಒಂಟಿ ಸಲಗದ ಹಾಗೆಯೇ. 17ನೆಯ ಶತಮಾನದಲ್ಲಿ ಪ್ಯಾರಿಸ್ ಬಳಿಯ ಪೋರ್ಟ್ ರಾಯಲ್ ಮಠದ ಆಸುಪಾಸಿನಲ್ಲಿ ಲೋಕದ ವ್ಯವಹಾರ ಬಿಟ್ಟು ಓದಿನಲ್ಲೂ ಪ್ರಾರ್ಥನೆಯಲ್ಲೂ ಕಳೆದವರಿಗೂ ಅದೇ ಹೆಸರು. ಅವರಿಗೆ ನಾನು ಒಂಟಿಗರು ಎನ್ನಲಾರೆ, ಏಕಾಂತವಾಸಿಗಳು ಎನ್ನುತ್ತೇನೆ. ಕನ್ನಡ ಇಲ್ಲಿ ಎರಡು ದಾರಿ ಮಾಡಿಕೊಂಡಿದೆ: ತಾನಾಗಿ ಆರಿಸಿಕೊಂಡರೆ ಏಕಾಂತ, ತಲೆಯ ಮೇಲೆ ಬಂದು ಬಿದ್ದರೆ ಒಂಟಿತನ. ಪಕ್ಕದ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶರಣ ಏಕಾಂತದ ರಾಮಯ್ಯನ ಹೆಸರಿನಲ್ಲಿ ಆ ಪದ ಬಿರುದಿನಂತೆ ಕೂತಿದೆ. ಸಾಲಿಟೇರ್ ಎರಡೂ ದಾರಿಯಲ್ಲಿ ಓಡಾಡುತ್ತದೆ. ಅದಕ್ಕೇ ಅದನ್ನು ಒಂದೇ ಪದದಲ್ಲಿ ಕನ್ನಡಕ್ಕೆ ತರುವುದು ಕಷ್ಟ.

ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಬಂದ ಅರ್ಥ ಇಸ್ಪೀಟಿನದು. ಅಪ್ಪ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಗಿರಣಿ ಬಾಗಿಲು ಹಾಕಿತು. ಬಾಕಿ ಸಂಬಳಕ್ಕಾಗಿ ಅಲೆದದ್ದು ಬೇರೆಯೇ ಕಥೆ, ಅದು ಇಲ್ಲಿ ಬೇಡ. ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಿಲ್ಲದ ಮನುಷ್ಯ ಜಗಲಿಯ ಮೇಲೆ ಚಾಪೆ ಹಾಸಿ, ಎಲೆಗಳನ್ನು ಏಳು ಸಾಲಾಗಿ ಹರಡಿಕೊಂಡು ಕೂರುತ್ತಿದ್ದರು. ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಏಳನೆಯದಕ್ಕೆ ಏಳು. ಒಟ್ಟು 28 ಎಲೆ ಕೆಳಗೆ, ಉಳಿದ 24 ಕೈಯಲ್ಲಿ. ಕೆಂಪು ಒಂಬತ್ತರ ಮೇಲೆ ಕರಿ ಎಂಟು, ಕರಿ ರಾಣಿಯ ಮೇಲೆ ಕೆಂಪು ಗುಲಾಮ. ಎಕ್ಕ ಸಿಕ್ಕರೆ ಮೇಲಕ್ಕೆ. ಗಿರಣಿಯ ಹಿರಿಯ ಲೆಕ್ಕಿಗರೊಬ್ಬರು ಕಲಿಸಿದ ಆಟ ಅದು. ಓಣಿಯಲ್ಲಿ ಇಸ್ಪೀಟು ಎಂದರೆ ಜೂಜು ಎಂದೇ ಲೆಕ್ಕ. ಕೆಲಸ ಹೋದವನು ಜೂಜಿಗೆ ಬಿದ್ದ ಎಂದು ಆಡಿಕೊಂಡರು. ಎದುರಿಗೆ ಯಾರೂ ಇಲ್ಲದೆ, ಒಂದು ಪೈಸೆ ಪಣವಿಲ್ಲದೆ ಕೂತವನು ಯಾರೊಡನೆ ಜೂಜಾಡಿಯಾನು ಎಂದು ಯಾರಿಗೂ ಹೊಳೆಯಲಿಲ್ಲ. ಬ್ರಿಟನ್ನಿನಲ್ಲಿ ಈ ಆಟಗಳಿಗೆ ಪೇಷನ್ಸ್ ಎಂದು ಹೆಸರು, ತಾಳ್ಮೆ ಎಂದು ಅರ್ಥ. ಅಪ್ಪನಿಗೆ ಆ ಹೆಸರೇ ಹೊಂದುತ್ತಿತ್ತು.

ನಾನು ಅಂಗಡಿ ತೆರೆದು ಮೊದಲ ಕಂಪ್ಯೂಟರ್ ಇಳಿಸಿದ ದಿನ ಅಪ್ಪ ನೋಡಲು ಬಂದರು. ಮೈಕ್ರೋಸಾಫ್ಟ್ 1990ರ ವಿಂಡೋಸ್ 3.0 ಜೊತೆಗೆ ಈ ಆಟವನ್ನು ಸೇರಿಸಿತ್ತು. ಹೊಸಬರಿಗೆ ಮೌಸ್ ಹಿಡಿದು ಎಳೆಯುವುದು, ಬಿಡುವುದು ರೂಢಿಯಾಗಲಿ ಎಂಬುದು ಉದ್ದೇಶ. ಬರೆದವರು ಅಲ್ಲಿ ತರಬೇತಿಗೆ ಬಂದಿದ್ದ ವೆಸ್ ಚೆರ್ರಿ, ಎಲೆಗಳ ಚಿತ್ರ ಸೂಸನ್ ಕೇರ್ ಅವರದು. ನನ್ನದು ವಿಂಡೋಸ್ 95. ಪರದೆಯ ಮೇಲೆ ಏಳು ಸಾಲು ಕಂಡದ್ದೇ ಅಪ್ಪ ಕುರ್ಚಿ ಎಳೆದುಕೊಂಡರು. “ಇದು ನಮ್ಮ ಆಟ” ಎಂದರು. ಎರಡು ಸುತ್ತು ಆಡಿ ಎದ್ದರು. ಎಲೆಯನ್ನು ಯಂತ್ರವೇ ಕಲೆಸುವುದು ಅವರಿಗೆ ಸರಿಬರಲಿಲ್ಲ. ಕಲೆಸುವಾಗ ಕೈ ಯೋಚಿಸುತ್ತಿರುತ್ತದೆ, ಅದನ್ನೇ ಕಿತ್ತುಕೊಂಡರೆ ಹೇಗೆ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಇನ್ನೊಂದು ಸಾಲಿಟೇರ್ ಗೋಲಿಯದು. ನಮ್ಮ ಕಡೆ ಬ್ರೈನ್‌ವಿಟಾ ಎಂಬ ಹೆಸರಿನಿಂದಲೇ ಪರಿಚಿತ. ದುಂಡು ಹಲಗೆ, ಕೂಡು ಗುರುತಿನ ಆಕಾರದಲ್ಲಿ 33 ಕುಳಿ, ನಡುವಿನದೊಂದು ಖಾಲಿ, ಉಳಿದವಕ್ಕೆ 32 ಗೋಲಿ. ಒಂದು ಗೋಲಿ ಪಕ್ಕದ ಗೋಲಿಯನ್ನು ಹಾರಿ ಆಚೆಯ ಖಾಲಿ ಕುಳಿಗೆ ಬೀಳಬೇಕು, ಹಾರಿಸಿಕೊಂಡದ್ದು ಹೊರಗೆ. ಕೊನೆಗೆ ಒಂದೇ ಉಳಿಯಬೇಕು. ಈ ಆಟದ ಬಗ್ಗೆ ಸಿಕ್ಕಿರುವ ಅತಿ ಹಳೆಯ ಸಾಕ್ಷ್ಯ 1697ರ ಒಂದು ಫ್ರೆಂಚ್ ಕೆತ್ತನೆಚಿತ್ರ. ಸೂಬೀಸ್‌ನ ರಾಜಕುಮಾರಿ ಹಲಗೆಯ ಪಕ್ಕ ಕೂತಿದ್ದಾಳೆ.

ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ ತಮ್ಮನ ಮಗನಿಗೆ ಅದನ್ನು ಕೊಡಿಸಿದ್ದೆ. ಅವನು ಒಂದು ದಿನ ಅಳುಮುಖ ಮಾಡಿಕೊಂಡು ಬಂದ. ಕೊನೆಯ ಗೋಲಿ ನಡುವಿನ ಕುಳಿಯ ಮಗ್ಗುಲಲ್ಲಿ ನಿಲ್ಲಬೇಕೆಂದು ಅವನ ಹಟ, ಎಷ್ಟು ಆಡಿದರೂ ಆಗುತ್ತಿರಲಿಲ್ಲ. ಆಗದು ಎಂದೆ. ಏಕೆ ಎಂದ. ದೇವರ ಗೂಡಿನಿಂದ ಅರಿಶಿನ, ಕುಂಕುಮ, ವಿಭೂತಿ ತಂದು ಕುಳಿಗಳಿಗೆ ಓರೆಸಾಲಿನಲ್ಲಿ ಬೊಟ್ಟಿಟ್ಟೆ: ಒಂದು ಓರೆಗೆ ಅರಿಶಿನ, ಮುಂದಿನದಕ್ಕೆ ಕುಂಕುಮ, ಅದರ ಮುಂದಿನದಕ್ಕೆ ವಿಭೂತಿ, ಮತ್ತೆ ಅರಿಶಿನ. ನಡುವಿನ ಕುಳಿ ಕುಂಕುಮಕ್ಕೆ ಬಂತು. ಒಂದೊಂದು ಬಣ್ಣಕ್ಕೂ ಸರಿಯಾಗಿ 11 ಕುಳಿ. ಸಾಲಾಗಿ ಯಾವ ಮೂರು ಕುಳಿ ತೆಗೆದುಕೊಂಡರೂ ಮೂರು ಬಣ್ಣ. ಹಾಗಾಗಿ ಒಂದು ಹಾರಿಕೆಯಲ್ಲಿ ಎರಡು ಬಣ್ಣದಲ್ಲಿ ಒಂದೊಂದು ಗೋಲಿ ಕಡಿಮೆಯಾಗುತ್ತದೆ, ಮೂರನೆಯದರಲ್ಲಿ ಒಂದು ಹೆಚ್ಚುತ್ತದೆ. ಮೂರರಲ್ಲೂ ಸರಿ ಇದ್ದದ್ದು ಬೆಸ, ಬೆಸ ಇದ್ದದ್ದು ಸರಿ. ಆಟ ಶುರುವಾಗುವಾಗ ಕುಂಕುಮದಲ್ಲಿ 10 ಗೋಲಿ, ಉಳಿದೆರಡರಲ್ಲಿ 11. ಅಂದರೆ ಕುಂಕುಮ ಒಂದೇ ಬೇರೆ, ಮಿಕ್ಕ ಎರಡೂ ಒಂದು ಬಗೆ. ಕೊನೆಯವರೆಗೂ ಅದು ಹಾಗೆಯೇ ಇರುತ್ತದೆ. ಕಟ್ಟಕಡೆಯ ಒಂಟಿ ಗೋಲಿ ಕುಂಕುಮದ ಮೇಲಲ್ಲದೆ ಬೇರೆಲ್ಲೂ ನಿಲ್ಲಲಾರದು. ಓರೆಯ ದಿಕ್ಕು ಬದಲಿಸಿ ಮತ್ತೆ ಬೊಟ್ಟಿಟ್ಟರೆ, ಎರಡು ಸಲವೂ ಕುಂಕುಮ ಬಿದ್ದ ಕುಳಿಗಳು ಐದೇ: ನಟ್ಟನಡುವಿನದು, ಮತ್ತು ನಾಲ್ಕು ತೋಳುಗಳ ತುದಿಯ ನಡುವಿನವು. ಹುಡುಗ ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ ತಾನೇ ಬೊಟ್ಟು ಒರೆಸಿ, ತಾನೇ ಮತ್ತೆ ಇಡಲು ಕೂತ. ಒಂದೇ ಗೋಲಿ ಸತತವಾಗಿ ಹಾರುವುದನ್ನು ಒಂದು ನಡೆ ಎಂದು ಹಿಡಿದರೆ 18 ನಡೆಗಳಲ್ಲಿ ಗೋಲಿ ನಡುವಿಗೆ ಬರುತ್ತದೆ ಎಂದು 1912ರಲ್ಲಿ ಬರ್ಗ್‌ಹೋಲ್ಟ್ ತೋರಿಸಿದರು. ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ ಎಂದು 1964ರಲ್ಲಿ ಬೀಸ್ಲಿ ಸಾಧಿಸಿದರು. ಒಬ್ಬರೇ ಆಡುವ ಆಟಕ್ಕೆ ಎಷ್ಟು ಜನರ ಬುದ್ಧಿ!

ಅಜ್ಜಿಗೆ ಇದಾವುದೂ ಗೊತ್ತಿರಲಿಲ್ಲ. ಅವಳ ಬಳಿ ಅಳಗುಳಿಮಣೆ ಇತ್ತು. ಜೊತೆಗೆ ಯಾರಾದರೂ ಸಿಕ್ಕರೆ ಇಬ್ಬರ ಆಟ, ಇಲ್ಲದಿದ್ದರೆ ‘ಸೀತೆ ಆಟ’. ಅಶೋಕವನದಲ್ಲಿ ಸೀತಮ್ಮ ಒಬ್ಬಳೇ ಕೂತು ಆಡಿದ್ದು ಎನ್ನುತ್ತಿದ್ದಳು. ಅಜ್ಜ ತೀರಿದ ಮೇಲೆ ಮಧ್ಯಾಹ್ನದ ಹೊತ್ತು ಅವಳು ಅದನ್ನೇ ಆಡುತ್ತಿದ್ದದ್ದು. ನಾಲ್ಕು ಕುಳಿಗಳಲ್ಲಿ ಕ್ರಮವಾಗಿ ನಾಲ್ಕು, ಮೂರು, ಎರಡು, ಒಂದು ಹುಣಸೆಬೀಜ ಇಡು. ನಾಲ್ಕನ್ನು ಎತ್ತಿ ಮುಂದಿನ ಕುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗು. ಮೂರು ಇದ್ದಲ್ಲಿ ನಾಲ್ಕಾಯಿತು, ಎರಡು ಇದ್ದಲ್ಲಿ ಮೂರು, ಒಂದು ಇದ್ದಲ್ಲಿ ಎರಡು, ಖಾಲಿ ಇದ್ದಲ್ಲಿ ಒಂದು. ಮತ್ತೆ ನಾಲ್ಕು, ಮೂರು, ಎರಡು, ಒಂದು; ಆದರೆ ಒಂದು ಕುಳಿ ಮುಂದೆ. ಹತ್ತು ಬೀಜಗಳ ಮೆರವಣಿಗೆ ಹದಿನಾಲ್ಕು ಕುಳಿ ಸುತ್ತಿ, ಹದಿನಾಲ್ಕನೆಯ ನಡೆಗೆ ಹೊರಟ ಜಾಗಕ್ಕೇ ಬರುತ್ತಿತ್ತು. ಅಜ್ಜಿಯ ಬೆರಳು ಬೀಜ ಬಿಡುವಾಗ ಎಣ್ಣೆ ಕುಡಿದು ಕಪ್ಪಾದ ಮಣೆಯಿಂದ ಟಕ್ ಟಕ್ ಎಂಬ ಸದ್ದು. ಆ ಸದ್ದಿನಲ್ಲಿ ನಾನು ನಿದ್ದೆಹೋಗುತ್ತಿದ್ದೆ. ಅಪ್ಪ ಜಗಲಿಯ ಮೇಲೆ ಒಂದರಿಂದ ಏಳರವರೆಗೆ ಎಲೆ ಜೋಡಿಸುವಾಗ ನನಗೆ ನೆನಪಾಗುತ್ತಿದ್ದದ್ದು ಈ ಮೆಟ್ಟಿಲುಮೆಟ್ಟಿಲಾದ ಬೀಜಗಳೇ.

ಸಾಲಿಟೇರ್‌ಗೆ ಬೇರೆ ಅರ್ಥಗಳೂ ಇವೆ. 18ನೆಯ ಶತಮಾನದ ಯುರೋಪಿನ ಗಂಡಸರು ಕೊರಳಿಗೆ ಕಟ್ಟುತ್ತಿದ್ದ ಕಪ್ಪು ರಿಬ್ಬನ್ನಿಗೆ ಅದೇ ಹೆಸರು. ಕಂಪ್ಯೂಟರ್ ಇಲ್ಲದೆ, ಜೋಕರ್‌ಗಳೂ ಸೇರಿದ 54 ಎಲೆಗಳ ಒಂದು ಇಸ್ಪೀಟು ಕಟ್ಟಿನಿಂದಲೇ ಗುಟ್ಟಿನ ಸಂದೇಶ ಬರೆಯಲು ಬ್ರೂಸ್ ಷ್ನಯರ್ ರೂಪಿಸಿದ ಸಂಕೇತಲಿಪಿಗೂ ಅದೇ.

ಆದರೆ ನನ್ನನ್ನು ಕಾಡಿದ್ದು ಹಕ್ಕಿ. ಮಾರಿಷಸ್‌ಗೆ ಸೇರಿದ ರಾಡ್ರಿಗಸ್ ದ್ವೀಪದಲ್ಲಿ ಹಾರಲಾರದ ಒಂದು ದೊಡ್ಡ ಹಕ್ಕಿ ಇತ್ತು. ಡೋಡೋವಿನ ನಂಟ, ಇಬ್ಬರೂ ಪಾರಿವಾಳದ ಕುಲ. 1691ರಲ್ಲಿ ಅಲ್ಲಿಗೆ ಬಂದಿಳಿದ ಫ್ರಾನ್ಸುವಾ ಲೆಗಾ ಅದನ್ನು ನೋಡಿ ವಿವರವಾಗಿ ಬರೆದಿಟ್ಟ. ಗುಂಪಿನಲ್ಲಿ ಕಾಣುವುದು ಅಪರೂಪವಾದ್ದರಿಂದ ಸಾಲಿಟೇರ್ ಎಂಬ ಹೆಸರು. ಇಡುವುದು ಒಂದೇ ಮೊಟ್ಟೆ. ಹಿಡಿದರೆ ಕೂಗುವುದಿಲ್ಲ, ಕಣ್ಣೀರು ಸುರಿಸುತ್ತದೆ, ಸಾಯುವವರೆಗೂ ಆಹಾರ ಮುಟ್ಟುವುದಿಲ್ಲ ಎಂದು ಅವನು ಬರೆದಿದ್ದಾನೆ. 18ನೆಯ ಶತಮಾನ ಮುಗಿಯುವ ಮೊದಲೇ ಅದು ಇಲ್ಲವಾಯಿತು. ಇದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಒಂಟಿಯಾಗಿರುವ ಹಕ್ಕಿಯನ್ನು ನಾನು ಕಣ್ಣಾರೆ ಕಂಡದ್ದು ದುರ್ಗದ ಕೋಟೆಯಲ್ಲಿ. ಡಿಸೆಂಬರಿನ ಒಂದು ಬೆಳಿಗ್ಗೆ ಏಕನಾಥೇಶ್ವರಿ ಗುಡಿಯ ಕಡೆ ಹತ್ತುತ್ತಿದ್ದೆ. ಒಂದು ಗುಂಡಿನ ನೆತ್ತಿಯ ಮೇಲೆ ಮಾಸಿದ ನೀಲಿಯ, ಮೈನಾಕ್ಕಿಂತ ಸ್ವಲ್ಪ ಸಣ್ಣ ಹಕ್ಕಿ ಕೂತಿತ್ತು. ಚಳಿಗಾಲಕ್ಕೆ ಬಂದು ಬಂಡೆಗಳ ನಡುವೆ ಒಂದೇ ಇರುವ ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಮಾಂಟಿಕೋಲ ಸಾಲಿಟೇರಿಯಸ್. ಶಾಲಾ ಮಕ್ಕಳ ಗದ್ದಲ ಕೆಳಗಿನಿಂದ ಬರುತ್ತಿತ್ತು. ಅದು ಬಾಲ ಒಮ್ಮೆ ಅಲುಗಿಸಿ ಅಲ್ಲೇ ಕೂತಿತು. ಯಾರಿಗಾಗಿಯೂ ಕಾಯುತ್ತಿರುವಂತೆ ಕಾಣಲಿಲ್ಲ.

ಅಜ್ಜನ ಒಂಟಿಯ ವಿಷಯ ಉಳಿಯಿತು. ಗಿರಣಿ ನಿಂತ ವರ್ಷ ಆ ಜೊತೆಯಲ್ಲಿ ಒಂದನ್ನು ಮಾರಬೇಕಾಯಿತು. ಇನ್ನೊಂದು ಅಜ್ಜಿಯ ಡಬ್ಬಿಯಲ್ಲಿ ಹತ್ತಿಯಲ್ಲಿ ಸುತ್ತಿ ಇತ್ತು, ಈಗ ನನ್ನ ಬಳಿ ಇದೆ. ಕರಪತ್ರದ ಗಲಾಟೆಯಾದ ಮೇಲೆ ಅದನ್ನು ತೆಗೆದುಕೊಂಡು ಪರಿಚಯದ ಅಕ್ಕಸಾಲಿಗರ ಬಳಿ ಹೋದೆ. ಉಂಗುರ ಮಾಡಿಕೊಡಿ ಎಂದೆ. ಅವರು ಕೇಳಿದ ಮೊದಲ ಪ್ರಶ್ನೆ, “ಇದರ ಜೊತೆಯದೆಲ್ಲಿ?” ಹೇಳಿದೆ. ತಲೆಯಾಡಿಸಿ ಭೂತಗಾಜು ಕಣ್ಣಿಗೆ ಸಿಕ್ಕಿಸಿಕೊಂಡರು. ನಮ್ಮ ಹಳೆಯ ಕಟ್ಟಡದಲ್ಲಿ ಹರಳಿನ ಬೆನ್ನು ಮುಚ್ಚಿರುತ್ತದೆ. ವಜ್ರದ ಸಾಲಿಟೇರ್ ಉಂಗುರದಲ್ಲಿ ಹಾಗಲ್ಲ, 1886ರಲ್ಲಿ ಟಿಫನಿಯವರು ತಂದ ಮಾದರಿಯಂತೆ ಆರು ಸಣ್ಣ ಕಾಲುಗಳು ಹರಳನ್ನು ಉಂಗುರದಿಂದ ಮೇಲಕ್ಕೆ ಎತ್ತಿ ಹಿಡಿಯುತ್ತವೆ, ಬೆಳಕು ಎಲ್ಲ ಕಡೆಯಿಂದ ಒಳಗೆ ಹೋಗುತ್ತದೆ. ಹಾಗೆಯೇ ಕಟ್ಟಿ ಎಂದು ಕೇಳಿಕೊಂಡೆ.

ಅವರು ಚಿನ್ನದ ಅಂಚನ್ನು ಸೂಜಿಯ ಮೊನೆಯಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸಿದರು. ಹರಳು ಬಿಳಿ ಬಟ್ಟೆಯ ಮೇಲೆ ಬಿತ್ತು. ಅದರ ಹಿಂದಿನಿಂದ ಕೆಂಪು ಬಣ್ಣ ಹಚ್ಚಿದ, ಉಗುರಿನ ಚೂರಿನಷ್ಟು ಚಿಕ್ಕ ತಗಡು ಉದುರಿತು. ಇಷ್ಟು ವರ್ಷ ಮನೆಯವರೆಲ್ಲ ಕಡುಗೆಂಪು ಎಂದುಕೊಂಡಿದ್ದು ಆ ತಗಡಿನ ಬಣ್ಣ. ಅಕ್ಕಸಾಲಿಗರು ಹರಳನ್ನು ಚಿಮಟದಲ್ಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ತಿಳಿ ಗುಲಾಬಿ, ದಾಳಿಂಬೆ ಕಾಳಿನ ಒಳಗಿನಷ್ಟು. “ತಗಡು ಹಾಕಿಯೇ ಕಟ್ಟಲೇ, ಹಾಗೇ ಬಿಡಲೇ?” ಎಂದು ಕೇಳಿದರು.

ಹಾಗೇ ಬಿಡಿ ಎಂದೆ.